ಸ್ಥಿರಾಸ್ತಿಯ ಹರಾಜು ಮತ್ತು ಸವಾಲಿನ ವಿವೇಕ

ಭೂಮಿ, ನಿವೇಶನ, ಮನೆ, ಮಳಿಗೆ ಮೊದಲಾದ ಸ್ಥಿರ ಸ್ವತ್ತುಗಳನ್ನು, ಕೊಳ್ಳಬಯಸುವ ಅನೇಕರ ಪರಸ್ಪರ ಸ್ಪರ್ಧೆಯಿಂದ ಬೆಲೆಯನ್ನು ನಿರ್ಣಯಿಸಿ, ಅತ್ಯಧಿಕ ಬೆಲೆಯನ್ನು ಕೂಗಿದಾತನಿಗೆ ವಿಕ್ರಯಿಸುವ ಪದ್ಧತಿಗೆ ಸ್ಥಿರಾಸ್ತಿಯ ಹರಾಜು ಎಂದು ಹೆಸರು. ಹೀಗೆ ಕೂಗುವ ಬೆಲೆಗೆ ಸವಾಲೆಂದೂ ಕೂಗುವಾತನಿಗೆ ಸವಾಲುದಾರನೆಂದೂ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯುಂಟು. ಸಾಮಾನ್ಯವಾದ ಕ್ರಯವಿಕ್ರಯದಲ್ಲಿ ಮಾರುವಾತನೂ ಕೊಳ್ಳುವಾತನೂ ಎದುರುಬದುರಾಗಿ ಕುಳಿತು, ಪತ್ರಗಳನ್ನು ತಿರುವಿಹಾಕಿ, ಚೌಕಾಸಿ ಮಾಡಿ, ಮುಂಗಡ ಕೊಟ್ಟು, ಕರಾರು ಬರೆದುಕೊಂಡು, ತಿಂಗಳುಗಟ್ಟಲೆಯ ಅವಧಿಯಲ್ಲಿ ವ್ಯವಹಾರವನ್ನು ಮುಗಿಸುತ್ತಾರೆ. ಮಾರುವಾತನಿಗೆ ಆ ಸ್ವತ್ತನ್ನು ಮಾರುವ ಅಧಿಕಾರವುಂಟೆಂಬ ಭರವಸೆಯನ್ನು, ಕ್ರಯಪತ್ರದಲ್ಲಿ ಬರೆಯದಿದ್ದರೂ ಬರೆದಂತೆಯೇ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣವು ಭಾವಿಸುತ್ತದೆ. ಸಾಲದ ವಸೂಲಿಗಾಗಿ ನಡೆಯುವ ಹರಾಜಿನಲ್ಲಾದರೋ ಮಾರುವ ಅಧಿಕಾರಿಗೆ ಆ ಮನೆಯ ಹಿಂದುಮುಂದು ಗೊತ್ತಿರುವುದಿಲ್ಲ. ಗೊತ್ತಿರುವಷ್ಟನ್ನು ಪ್ರಕಟಿಸಿ, ಉಳಿದುದರ ಹೊಣೆಯನ್ನು ಕೊಳ್ಳುವಾತನ ಹೆಗಲಿಗೇರಿಸಿ ಆತನು ಕೈತೊಳೆದುಕೊಳ್ಳುತ್ತಾನೆ. ಆದಕಾರಣ ಹರಾಜಿನಲ್ಲಿ ಕೊಳ್ಳುವಾತನು ಸ್ವತ್ತಿನೊಡನೆ ಅದರ ವ್ಯಾಜ್ಯ, ಬಾಕಿ, ವಾಸಿಗಳು, ಬಿರುಕುಗಳು ಸಮೇತವಾದ ಸಮಗ್ರ ಸ್ಥಿತಿಯನ್ನೇ ಕೊಳ್ಳುತ್ತಾನೆಂಬುದು ಈ ವಿಷಯದ ಮೂಲಸೂತ್ರ. ಈ ಲೇಖನವು ಮುಖ್ಯವಾಗಿ ಕರ್ನಾಟಕದ ಸಂದರ್ಭದಲ್ಲಿ ಆ ಸೂತ್ರದ ವಿಸ್ತಾರ.

ಶಬ್ದ ಮತ್ತು ಪೂರ್ವೇತಿಹಾಸ

ಹರಾಜು ಎಂಬ ಶಬ್ದ ಅರಬ್ಬಿ ಮೂಲದ್ದು; ಉತ್ತರ ಕರ್ನಾಟಕದಲ್ಲಿ ಇದಕ್ಕೆ ಪರ್ಯಾಯವಾಗಿ ಕೇಳಿಬರುವ ಲಿಲಾವು ಎಂಬುದು ಪೋರ್ಚುಗೀಸರಿಂದ ಬಂದದ್ದು. ಶಬ್ದಗಳು ಹೊರಗಿನಿಂದ ಬಂದವಾದರೂ ಆಚಾರ ಮಾತ್ರ ಈ ನೆಲಕ್ಕೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಾಸ್ತುವಿಕ್ರಯದ ಕ್ರಮವನ್ನು ಹೇಳಿದೆ. ಅದರ ಪ್ರಕಾರ ಭೂಮಿಯನ್ನು ಕೊಳ್ಳುವ ಅವಕಾಶ ಮೊದಲು ಜ್ಞಾತಿಗಳಿಗೆ, ಬಳಿಕ ನೆರೆಯವರಿಗೆ, ಅನಂತರ ಸಾಲಕೊಟ್ಟವರಿಗೆ. ಇವರನ್ನು ಮೀರಿ ಮಾರಬೇಕಾದರೆ ಮನೆಯ ಮುಂದೆ ನೆರೆಹೊರೆಯ ನಾಲ್ವತ್ತು ಕುಲಗಳ ಸಮಕ್ಷಮದಲ್ಲಿ ಸಾರಬೇಕು. ಹೊಲ, ತೋಟ, ಕೆರೆಕಟ್ಟೆಗಳಾದರೆ ಅವುಗಳ ಎಲ್ಲೆಯನ್ನು ಇದ್ದುದಿದ್ದಂತೆ ಹೇಳಬೇಕು. ಬೆಲೆಯನ್ನು ಮೂರು ಸಲ ಕೂಗಿದ ಮೇಲೂ ಯಾರೂ ಅಡ್ಡಿಪಡಿಸದಿದ್ದಲ್ಲಿ ಕೊಳ್ಳುವಾತನು ಕೊಳ್ಳಬಹುದು. ಸ್ಪರ್ಧೆಯಿಂದ ಬೆಲೆ ಏರಿದರೆ ಏರಿದಷ್ಟು ಭಾಗ ಸುಂಕದೊಡನೆ ಬೊಕ್ಕಸಕ್ಕೆ ಸಲ್ಲುತ್ತದೆ. ಎಲ್ಲೆಯ ಪ್ರಕಟಣೆ, ಆಕ್ಷೇಪಕ್ಕೆ ಅವಕಾಶ, ಮೂರು ಬಾರಿಯ ಕೂಗು ಎಂಬೀ ಮೂರು ಅಂಗಗಳು ಇಂದಿನ ಹರಾಜಿನಲ್ಲಿಯೂ ಬೇರೆಬೇರೆ ವೇಷಗಳಲ್ಲಿ ಉಳಿದುಬಂದಿವೆ. ಜಾತ್ರೆಯಲ್ಲಿ ದೇವರ ಪ್ರಸಾದದ ತೆಂಗಿನಕಾಯಿಗೂ ಊರ ಗುಂಡುತೋಪಿನ ಹುಣಿಸೆ ಫಸಲಿಗೂ ನಡೆಯುವ ಸವಾಲನ್ನು ಕಂಡ ಕನ್ನಡಿಗನಿಗೆ, ಒಂದನೆಯ ಸಲ, ಎರಡನೆಯ ಸಲ, ಮೂರನೆಯ ಸಲ ಎಂಬ ಆ ಕೂಗು ಅಪರಿಚಿತವಲ್ಲ.

ಹರಾಜಿನ ಪ್ರಭೇದಗಳು

ಕರ್ನಾಟಕದಲ್ಲಿ ಸ್ಥಿರಾಸ್ತಿಯು ಹರಾಜಿಗೆ ಬರುವ ಮಾರ್ಗಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಪ್ರಾಧಿಕಾರಗಳ ಹರಾಜು. ಬೆಂಗಳೂರು ನಗರಾಭಿವೃದ್ಧಿ ಮಂಡಳಿಯ ಉತ್ತರಾಧಿಕಾರಿಯಾಗಿ 1976ರ ಅಧಿನಿಯಮದ ಮೇರೆಗೆ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು, ಮೂಲೆ ನಿವೇಶನಗಳನ್ನೂ ವಾಣಿಜ್ಯ ನಿವೇಶನಗಳನ್ನೂ ವಿಲೇವಾರಿ ಮಾಡುವುದಕ್ಕಾಗಿ 1984ರಲ್ಲಿ ಪ್ರತ್ಯೇಕ ನಿಯಮಗಳನ್ನು ಪಡೆಯಿತು. ಇಲ್ಲಿ ಮಾರುವ ಸಂಸ್ಥೆಯೇ ಬಡಾವಣೆಯನ್ನು ರಚಿಸಿದ್ದಾಗಿರುವುದರಿಂದ ಹಕ್ಕಿನ ತೊಡಕು ಅಲ್ಪ, ಬೆಲೆಯ ಏರಿಕೆ ಅಧಿಕ. ಆದರೂ ಭೂಸ್ವಾಧೀನದ ವಿಷಯವಾಗಿ ಮೂಲ ಭೂಮಾಲೀಕರು ಹೂಡಿದ ದಾವೆಯೊಂದು ಉಳಿದಿದೆಯೇ ಎಂಬುದನ್ನು ಇಲ್ಲಿಯೂ ವಿಚಾರಿಸತಕ್ಕದ್ದು. ಎರಡನೆಯದು ನ್ಯಾಯಾಲಯದ ಹರಾಜು. ಡಿಕ್ರಿಯ ಅಮಲ್ಜಾರಿಗಾಗಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ ಪ್ರಕಾರ ನಡೆಯುವ ಈ ಮಾರಾಟವನ್ನು ಸ್ವತಃ ನ್ಯಾಯಾಲಯವೇ ಸ್ಥಿರಪಡಿಸಬೇಕು. ಮೂರನೆಯದೂ ಇಂದು ಹೆಚ್ಚು ಬಳಕೆಯಲ್ಲಿರುವುದೂ ಬ್ಯಾಂಕುಗಳ ಹರಾಜು. 2002ರ ಸರ್ಫೇಸಿ ಕಾಯಿದೆಯು, ನ್ಯಾಯಾಲಯದ ಮೆಟ್ಟಿಲೇರದೆಯೇ, ಸಾಲಗಾರನಿಗೆ 60 ದಿನಗಳ ನೋಟೀಸು ಕೊಟ್ಟು ಅಡಮಾನದ ಸ್ವತ್ತನ್ನು ವಶಪಡಿಸಿಕೊಂಡು ಮಾರುವ ಅಧಿಕಾರವನ್ನು ಬ್ಯಾಂಕುಗಳಿಗೆ ನೀಡಿತು. 2004ರ ಮಾರ್ಡಿಯಾ ಕೆಮಿಕಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಾಯಿದೆಯ ಮುಖ್ಯಾಂಶಗಳನ್ನು ಎತ್ತಿಹಿಡಿಯಿತು. ಕೃಷಿಭೂಮಿಯ ಮೇಲಿನ ಅಡಮಾನಕ್ಕೆ ಈ ಕಾಯಿದೆ ಅನ್ವಯಿಸುವುದಿಲ್ಲವೆಂಬುದನ್ನು ಸವಾಲುದಾರನು ಮೊದಲೇ ಮನಗಾಣಬೇಕು; ದಾಖಲೆಯಲ್ಲಿ ಇನ್ನೂ ಹೊಲವಾಗಿರುವ ಜಮೀನು ಈ ಕಾಯಿದೆಯಡಿ ಹರಾಜಿಗೆ ಬಂದರೆ ಆ ಮಾರಾಟದ ಬುಡವೇ ಅಲುಗಾಡುತ್ತದೆ.

ಪ್ರಕಟಣೆಯನ್ನು ಓದುವ ಬಗೆ

ಬ್ಯಾಂಕಿನ ಹರಾಜಿನ ಪ್ರಕಟಣೆಯು ಎರಡು ಪ್ರಮುಖ ಪತ್ರಿಕೆಗಳಲ್ಲಿ, ಅವುಗಳಲ್ಲೊಂದು ಸ್ಥಳೀಯ ಭಾಷೆಯದಾಗಿ, ಬರತಕ್ಕದ್ದು. ಪ್ರಕಟಣೆಗೂ ಮೊದಲ ಮಾರಾಟಕ್ಕೂ ನಡುವೆ 30 ದಿನಗಳಿಗೆ ಕಡಮೆಯಿಲ್ಲದ ಅಂತರವಿರತಕ್ಕದ್ದು. ಮೊದಲ ಸಲ ಮಾರಾಟವಾಗದೆ ಮತ್ತೆ ಹರಾಜಿಗೆ ಬಂದಲ್ಲಿ 15 ದಿನಗಳ ಅಂತರ ಸಾಕು. ಬೆಳಗಿನ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಈ ಚೌಕವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಸವಾಲುದಾರನ ಭವಿಷ್ಯವೆಲ್ಲ ಅಡಗಿರುತ್ತದೆ. ಸಾಲಗಾರನ ಹೆಸರು, ಬಾಕಿಯ ಮೊತ್ತ, ಕಾಯ್ದಿಟ್ಟ ಬೆಲೆಯೆಂಬ ಕನಿಷ್ಠ ಬೆಲೆ, ಅದರ ಶೇಕಡಾ 10ರಷ್ಟಿರುವುದು ಸಾಮಾನ್ಯವಾದ ಇ.ಎಂ.ಡಿ. ಎಂಬ ಮುಂಗಡ ಠೇವಣಿ, ಸವಾಲನ್ನು ಏರಿಸಬೇಕಾದ ಕನಿಷ್ಠ ಮೊತ್ತ, ಹರಾಜಿನ ದಿನ ಮತ್ತು ವೇಳೆ. ಅವುಗಳ ಕೆಳಗೆ ಷೆಡ್ಯೂಲು, ಷೆಡ್ಯೂಲಿನಲ್ಲಿ ಚಕ್ಕುಬಂದಿ: ಪೂರ್ವಕ್ಕೆ ಇಂಥ ಸಂಖ್ಯೆಯ ನಿವೇಶನ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಖಾಲಿ ಜಾಗ. ಇಷ್ಟಾದ ಮೇಲೆ ಎರಡು ಸೂಚನೆಗಳಿರುತ್ತವೆ. ಸ್ವಾಧೀನ ಸಾಂಕೇತಿಕವೇ ಭೌತಿಕವೇ ಎಂಬುದು ಒಂದು. ಸ್ವತ್ತು ಎಲ್ಲಿ ಹೇಗಿದೆಯೋ ಹಾಗೆಯೇ, ಏನಿದೆಯೋ ಅದನ್ನೇ ಮಾರಲಾಗುವುದೆಂಬುದು ಇನ್ನೊಂದು. ಬೆಲೆಯ ಅಂಕಿಯನ್ನು ದೊಡ್ಡದಾಗಿಯೂ ಈ ಎರಡು ಸೂಚನೆಗಳನ್ನು ಚಿಕ್ಕದಾಗಿಯೂ ಕಾಣುವ ಕಣ್ಣು ಹರಾಜಿಗೆ ಸಿದ್ಧವಾದ ಕಣ್ಣಲ್ಲ.

ಷೆಡ್ಯೂಲನ್ನು ಕೈಯಲ್ಲಿ ಹಿಡಿದು ಸ್ವತ್ತಿನ ಬಳಿಗೆ ಹೋಗಿ, ಟೇಪು ಹಿಡಿದು ನಾಲ್ಕೂ ಮಗ್ಗುಲನ್ನು ಅಳೆಯತಕ್ಕದ್ದು. 30 ಅಡಿಗೆ 40 ಅಡಿಯೆಂದು ಬರೆದ ನಿವೇಶನ ನೆಲದ ಮೇಲೆ 28 ಅಡಿಗೆ 40 ಅಡಿಯಾಗಿದ್ದರೆ 80 ಚದರಡಿ ಪಕ್ಕದ ಗೋಡೆಯೊಳಗೆ ಸೇರಿಹೋಗಿದೆಯೆಂದು ಅರ್ಥ. ಪಶ್ಚಿಮದ ರಸ್ತೆ ನೆಲದ ಮೇಲೆ ರಾಜಕಾಲುವೆಯ ದಂಡೆಯಾಗಿದ್ದರೆ ಅದರ ಫಲ ಇನ್ನೂ ಘೋರ. ಬೆಂಗಳೂರಿನ 2015ರ ಪರಿಷ್ಕೃತ ನಗರ ಯೋಜನೆಯು ಪ್ರಥಮ, ದ್ವಿತೀಯ, ತೃತೀಯ ದರ್ಜೆಯ ಕಾಲುವೆಗಳ ಮಗ್ಗುಲಲ್ಲಿ ಅನುಕ್ರಮವಾಗಿ 50, 25, 15 ಮೀಟರುಗಳಷ್ಟು ಜಾಗವನ್ನು ಬಿಡಬೇಕೆಂದು ವಿಧಿಸಿತ್ತು. ಆ ಪಟ್ಟಿಯೊಳಗೆ ಸಿಕ್ಕಿದ ನಿವೇಶನವನ್ನು ಎಷ್ಟು ಅಗ್ಗವಾಗಿ ಕೊಂಡರೂ ಅದು ದುಬಾರಿಯೇ.

ಹಕ್ಕಿನ ಪರಿಶೋಧನೆ

ಸವಾಲುದಾರನು ಎದುರಿಸುವ ಮೊದಲ ಕಷ್ಟ ಹಕ್ಕಿನದು. ಸಾಲ ಕೊಡುವಾಗ ಬ್ಯಾಂಕಿನ ವಕೀಲರು ಪತ್ರಗಳನ್ನು ನೋಡಿಯೇ ಇರುತ್ತಾರೆಂಬ ನಂಬಿಕೆಯಿಂದ ಅನೇಕರು ನಿಶ್ಚಿಂತರಾಗುತ್ತಾರೆ. ಆದರೆ ಆ ಪರಿಶೀಲನೆ ನಡೆದು ಎಷ್ಟೋ ವರ್ಷಗಳಾಗಿರಬಹುದು, ಅಂದಿನಿಂದ ಇಂದಿನವರೆಗೆ ಆ ಸ್ವತ್ತಿನ ಮೇಲೆ ಏನೇನು ನಡೆದಿದೆಯೆಂಬುದಕ್ಕೆ ಅದು ಉತ್ತರ ಕೊಡಲಾರದು. ಮೂಲಪತ್ರದಿಂದ ಮೊದಲ್ಗೊಂಡು ಕ್ರಯಪತ್ರಗಳ ಸರಣಿಯನ್ನು ಕೊಂಡಿ ತಪ್ಪದಂತೆ ಜೋಡಿಸಿ ನೋಡತಕ್ಕದ್ದು; ಉಪ ನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನು, ಜನ ಇ.ಸಿ. ಎಂದು ಕರೆಯುವುದನ್ನು, ಹರಾಜಿನ ಹಿಂದಿನ ವಾರದವರೆಗಿನ ಅವಧಿಗೆ ಪಡೆಯತಕ್ಕದ್ದು. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ವಿಭಾಗ, ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿ ಕುಳಿತಿರುವ ದಾವೆ ಇವು ಅದರ ಕಣ್ಣಿಗೆ ಬೀಳುವುದಿಲ್ಲ. ದಾವೆ ನಡೆಯುತ್ತಿರುವಾಗ ಕೈಬದಲಾದ ಸ್ವತ್ತು ಆ ದಾವೆಯ ತೀರ್ಪಿಗೆ ಬದ್ಧವೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 52ನೆಯ ಪ್ರಕರಣವು ಹೇಳುತ್ತಿರುವುದರಿಂದ, ಸ್ಥಳೀಯ ನ್ಯಾಯಾಲಯಗಳಲ್ಲಿಯೂ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿಯೂ ಸಾಲಗಾರನ ಹೆಸರನ್ನು ಹುಡುಕಿಸದೆ ಠೇವಣಿ ಕಟ್ಟುವುದು ಸಾಹಸ.

ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕವು 1994ರ ತಿದ್ದುಪಡಿಯಿಂದಲೂ ಕೇಂದ್ರವು 2005ರ ತಿದ್ದುಪಡಿಯಿಂದಲೂ ವಿಧಿಸಿದ ಮೇಲೆ, ಅಣ್ಣನೊಬ್ಬನೇ ಸಹಿಮಾಡಿ ಅಡವಿಟ್ಟ ಮನೆಯಲ್ಲಿ ತಂಗಿಯ ಪಾಲು ಉಳಿದಿರುವುದು ಅಪರೂಪವಲ್ಲ. ಹಳ್ಳಿಯ ಅಂಚಿನ ಸ್ವತ್ತಾದರೆ ಪಹಣಿಯ 9ನೆಯ ಅಂಕಣದಲ್ಲಿ ಮಾಲೀಕನ ಹೆಸರನ್ನೂ 11ನೆಯ ಅಂಕಣದಲ್ಲಿ ಋಣವನ್ನೂ ನೋಡಿ, ಮ್ಯುಟೇಶನ್, ಟಿಪ್ಪಣಿ, ಆಕಾರಬಂದುಗಳನ್ನು ತಾಳೆಹಾಕಿ, 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದನ್ವಯ ಭೂಪರಿವರ್ತನೆ ಆಗಿದೆಯೇ, ಸರ್ವೆ ನಂಬರಿನಲ್ಲಿ ಬಿ ಖರಾಬು ಎಂಬ ಸಾರ್ವಜನಿಕ ಭಾಗ ಸೇರಿದೆಯೇ ಎಂಬುದನ್ನು ಅರಿಯತಕ್ಕದ್ದು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ ಭೂಮಿಯ ಪರಭಾರೆಯನ್ನು ನಿಷೇಧಿಸುವ 1978ರ ಕರ್ನಾಟಕದ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯು, ಅಂಥ ಭೂಮಿಯನ್ನು ಮರಳಿ ಕೇಳುವುದಕ್ಕೆ ಕಾಲಮಿತಿಯ ಅಡ್ಡಿಯಿಲ್ಲವೆಂದು ಸಾರಿದೆ. ಬಡವನಿಗೆ ನೆಲೆಕೊಟ್ಟ ನೆಲ ಸುಲಭವಾಗಿ ಕೈತಪ್ಪಬಾರದೆಂಬ ಆ ಕಾಯಿದೆಯ ಆಶಯ ನ್ಯಾಯವಾದದ್ದು, ಅದನ್ನು ಗೌರವಿಸಿ ದೂರ ನಿಲ್ಲುವುದೇ ಸವಾಲುದಾರನಿಗೆ ಕ್ಷೇಮ. ನಗರದೊಳಗಿನ ಸ್ವತ್ತಾದರೆ ಎ ಖಾತೆಯೋ ಬಿ ಖಾತೆಯೋ, ಇ-ಖಾತೆ ಆಗಿದೆಯೋ ಇಲ್ಲವೋ, ಮಂಜೂರಾದ ನಕ್ಷೆಗೂ ಕಟ್ಟಿದ ಮಹಡಿಗಳಿಗೂ ತಾಳೆಯುಂಟೋ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು.

ಸ್ವಾಧೀನದ ಸಮಸ್ಯೆ

ಹಕ್ಕು ದೊರೆತರೂ ಬಾಗಿಲ ಬೀಗದ ಕೈ ದೊರೆಯದೆ ಹೋಗಬಹುದು. ಸಾಂಕೇತಿಕ ಸ್ವಾಧೀನವೆಂದರೆ ಬ್ಯಾಂಕಿನವರು ಬಾಗಿಲಿಗೆ ನೋಟೀಸನ್ನು ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಿಸಿರುವುದು ಮಾತ್ರ. ಒಳಗೆ ಒಲೆ ಉರಿಯುತ್ತಲೇ ಇರುತ್ತದೆ. ಭೌತಿಕ ಸ್ವಾಧೀನಕ್ಕಾಗಿ ಬ್ಯಾಂಕು ಸರ್ಫೇಸಿ ಕಾಯಿದೆಯ 14ನೆಯ ಪ್ರಕರಣದ ಮೇರೆಗೆ ಜಿಲ್ಲಾ ದಂಡಾಧಿಕಾರಿಯ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಯ ನೆರವನ್ನು ಕೋರಬೇಕು. ಆಜ್ಞೆ 30 ದಿನಗಳಲ್ಲಿ, ಕಾರಣವಿದ್ದಲ್ಲಿ ಒಟ್ಟು 60 ದಿನಗಳೊಳಗೆ, ಹೊರಡಬೇಕೆಂದು ಕಾಯಿದೆಯಿದ್ದರೂ, ಆ ಗಡುವು ನಿರ್ದೇಶಕವೇ ಹೊರತು ಕಡ್ಡಾಯವಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ತಿಂಗಳುಗಳು ಉರುಳಬಹುದೆಂದು ಎಣಿಸಿಕೊಂಡೇ ಸವಾಲು ಹಾಕತಕ್ಕದ್ದು. ಒಳಗಿರುವಾತನು ಸಾಲಗಾರನೋ ಬಾಡಿಗೆದಾರನೋ ಎಂಬುದೂ ಮುಖ್ಯ. ಅಡಮಾನಕ್ಕೆ ಪೂರ್ವದಲ್ಲಿಯೇ ಸಕ್ರಮವಾದ ಕರಾರಿನ ಮೇಲೆ ವಾಸಕ್ಕೆ ಬಂದವನಿಗೆ ಕಾನೂನಿನ ಆಸರೆಯುಂಟು; ಅಡಮಾನದ ಬಳಿಕ ಹುಟ್ಟಿಕೊಂಡ ಬಾಡಿಗೆಯನ್ನು ನ್ಯಾಯಾಲಯಗಳು ಸಂಶಯದಿಂದ ನೋಡುತ್ತವೆ.

ಇದರೊಡನೆ ಸಾಲಗಾರನಿಗಿರುವ ಪರಿಹಾರಮಾರ್ಗಗಳನ್ನೂ ಅರಿಯಬೇಕು. ಬ್ಯಾಂಕಿನ ಕ್ರಮದ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವ ಹಕ್ಕನ್ನು ಸರ್ಫೇಸಿ ಕಾಯಿದೆಯ 17ನೆಯ ಪ್ರಕರಣವು ಅವನಿಗೆ ಕೊಟ್ಟಿದೆ. ನೋಟೀಸಿನಲ್ಲೋ ಮೌಲ್ಯನಿರ್ಣಯದಲ್ಲೋ ನಿಜವಾದ ಲೋಪ ಕಂಡುಬಂದರೆ ಮಾರಾಟವೇ ರದ್ದಾಗಬಹುದು. ಬಾಕಿಯನ್ನೆಲ್ಲ ಕಟ್ಟಿ ಅಡಮಾನವನ್ನು ಬಿಡಿಸಿಕೊಳ್ಳುವ ಹಕ್ಕು ಮೊದಲು ಸ್ವತ್ತಿನ ವರ್ಗಾವಣೆಯವರೆಗೂ ಉಳಿಯುತ್ತಿತ್ತು; 2016ರ ತಿದ್ದುಪಡಿಯ ತರುವಾಯ ಹರಾಜಿನ ಪ್ರಕಟಣೆಯೊಡನೆ ಅದು ಮುಗಿಯುತ್ತದೆಂದು 2023ರಲ್ಲಿ ಸೆಲಿರ್ ಮೊಕದ್ದಮೆಯ ತೀರ್ಪು ನಿರ್ಣಯಿಸಿದ್ದು ಸವಾಲುದಾರರಿಗೆ ದೊಡ್ಡ ಸ್ಥಿರತೆಯನ್ನು ತಂದಿತು. ನ್ಯಾಯಾಲಯದ ಹರಾಜಿನಲ್ಲಾದರೋ, ಸ್ವತ್ತನ್ನು ಕಳೆದುಕೊಂಡವನು ಡಿಕ್ರಿಯ ಹಣದೊಂದಿಗೆ ಕೊಂಡವನಿಗೆ ಕ್ರಯದ ಶೇಕಡಾ 5ನ್ನು ಸೇರಿಸಿ 60 ದಿನಗಳೊಳಗೆ ಠೇವಣಿಯಿಟ್ಟರೆ ಮಾರಾಟ ರದ್ದಾಗುತ್ತದೆ.

ಬಾಕಿಗಳು

ಖಾಲಿ ಬಿದ್ದ ಮನೆಯ ಬಾಗಿಲ ಸಂದಿಯಲ್ಲಿ ಸಿಕ್ಕಿಸಿದ ವಿದ್ಯುತ್ ಬಿಲ್ಲುಗಳನ್ನು ಎಣಿಸುವುದು ಪರಿಶೀಲನೆಯ ಒಂದು ಅಂಗವೇ ಸರಿ. ಹಿಂದಿನ ಮಾಲೀಕನು ಉಳಿಸಿಹೋದ ವಿದ್ಯುತ್ ಬಾಕಿಯನ್ನು ಹರಾಜಿನಲ್ಲಿ ಕೊಂಡವನಿಂದ ವಸೂಲುಮಾಡಲು ಸರಬರಾಜು ನಿಯಮಗಳಲ್ಲಿ ಅವಕಾಶ ಕಲ್ಪಿಸಬಹುದೆಂದು 2023ರಲ್ಲಿ ಕೆ.ಸಿ. ನಿನನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಲ್ಲಿ ಹೇಗಿದೆಯೋ ಹಾಗೆ ಎಂಬ ಷರತ್ತಿಗೆ ಇಂಥ ಬಾಕಿಗಳ ಭಾರವೂ ಸೇರಿದೆಯೆಂಬುದು ಅದರ ತಾತ್ಪರ್ಯ. ಆಸ್ತಿತೆರಿಗೆ, ನೀರಿನ ಶುಲ್ಕ, ಅಪಾರ್ಟ್‌ಮೆಂಟುಗಳಲ್ಲಿ ಸಂಘದ ನಿರ್ವಹಣಾ ಶುಲ್ಕ, ಕಾರ್ಖಾನೆಗಳಲ್ಲಿ ಕಾರ್ಮಿಕರ ಭವಿಷ್ಯನಿಧಿ ಇವನ್ನು ಆಯಾ ಕಚೇರಿಗಳಲ್ಲಿ ವಿಚಾರಿಸಿ ಲಿಖಿತವಾಗಿ ಪಡೆಯತಕ್ಕದ್ದು. ಬ್ಯಾಂಕು ತನಗೆ ತಿಳಿದ ಋಣಭಾರವನ್ನು ಪ್ರಕಟಣೆಯಲ್ಲಿ ನಮೂದಿಸಬೇಕೆಂಬುದು ನಿಯಮ. ತನಗೆ ತಿಳಿಯದುದನ್ನು ಅರಸಬೇಕೆಂಬ ನಿಯಮವಿಲ್ಲ. ಅರಸುವ ಕೆಲಸ ಕೊಳ್ಳುವಾತನದು.

ಹಣದ ಗಡುವು

ಹರಾಜಿನಲ್ಲಿ ಗೆದ್ದ ಸಂತೋಷ ಒಂದು ರಾತ್ರಿಯ ಮಟ್ಟಿಗೆ. 2002ರ ಭದ್ರತಾ ಹಿತಾಸಕ್ತಿ ಜಾರಿ ನಿಯಮಗಳ 9ನೆಯ ನಿಯಮದಂತೆ ಗೆದ್ದಾತನು, ಮುಂಗಡ ಠೇವಣಿಯೂ ಸೇರಿದಂತೆ ಬೆಲೆಯ ಶೇಕಡಾ 25ನ್ನು ಅದೇ ದಿನ, ಹೆಚ್ಚೆಂದರೆ ಮುಂದಿನ ಕೆಲಸದ ದಿನದೊಳಗೆ, ಕಟ್ಟಬೇಕು. ಉಳಿದ ಶೇಕಡಾ 75ನ್ನು ಮಾರಾಟ ಸ್ಥಿರಪಟ್ಟ 15 ದಿನಗಳೊಳಗೆ, ಅಥವಾ ಬ್ಯಾಂಕು ಲಿಖಿತವಾಗಿ ಒಪ್ಪಿದಲ್ಲಿ ಒಟ್ಟಿನಲ್ಲಿ ಮೂರು ತಿಂಗಳಿಗೆ ಮೀರದಂತೆ, ಸಲ್ಲಿಸಬೇಕು. ನ್ಯಾಯಾಲಯದ ಹರಾಜಿನಲ್ಲಿಯೂ ಕಟ್ಟಳೆ ಇದನ್ನೇ ಹೋಲುತ್ತದೆ, ಶೇಕಡಾ 25 ತತ್‌ಕ್ಷಣ, ಉಳಿದುದು 15 ದಿನಗಳಲ್ಲಿ. ನ್ಯಾಯಾಲಯದ ಹರಾಜಿನ ಈ ನಿಯಮಗಳು ಅನುಲ್ಲಂಘ್ಯವೆಂದು ಸುಪ್ರೀಂ ಕೋರ್ಟು 1954ರಷ್ಟು ಹಿಂದೆಯೇ ಮಣಿಲಾಲ್ ಮೋಹನಲಾಲ್ ಷಾ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಗಡುವು ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಬ್ಯಾಂಕಿಗೆ ಆದ ನಷ್ಟ ಎಷ್ಟೆಂದು ಲೆಕ್ಕಹಾಕದೆಯೇ ಪೂರ್ಣ ಶೇಕಡಾ 25ನ್ನು ಮುಟ್ಟುಗೋಲು ಹಾಕಬಹುದೆಂದು 2024ರ ಫೆಬ್ರವರಿಯಲ್ಲಿ ಷಣ್ಮುಗವೇಲು ಮೊಕದ್ದಮೆಯಲ್ಲಿ ತೀರ್ಪಾಗಿದೆ.

ಗೃಹಸಾಲವನ್ನು ನೆಚ್ಚಿಕೊಂಡು ಸವಾಲು ಹಾಕುವವರು ಎಡವುವುದು ಈ ಎಡೆಯಲ್ಲಿಯೇ. ಸಾಲಕೊಡುವ ಬ್ಯಾಂಕು ಸ್ವತ್ತನ್ನು ನೋಡಿ, ವಕೀಲರ ಅಭಿಪ್ರಾಯ ಪಡೆದು, ಮೌಲ್ಯಮಾಪನ ಮಾಡಿಸಿ ಹಣ ಬಿಡುಗಡೆ ಮಾಡುವಷ್ಟರಲ್ಲಿ 15 ದಿನಗಳು ಕಳೆದುಹೋಗುತ್ತವೆ. ಸಾಲದ ಮಂಜೂರಾತಿಯನ್ನು ಹರಾಜಿಗೆ ಮುಂಚೆಯೇ ಪಡೆದಿರುವುದು, ಇಲ್ಲವೇ ಉಳಿದ ಹಣಕ್ಕೆ ಬೇರೊಂದು ಮೂಲವನ್ನು ಗೊತ್ತುಮಾಡಿಕೊಂಡಿರುವುದು ಅತ್ಯಾವಶ್ಯಕ.

ಸವಾಲಿನ ಬೆಲೆಯ ನಿರ್ಣಯ

ಎಷ್ಟು ಕೂಗಬೇಕು ಎಂಬ ಪ್ರಶ್ನೆಗೆ ಶಾಸ್ತ್ರಜ್ಞರೂ ತಲೆಕೆಡಿಸಿಕೊಂಡಿದ್ದಾರೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿ ಹರಾಜಿನ ಗಣಿತಕ್ಕೆ ಅಡಿಪಾಯ ಹಾಕಿದರು. 2020ರ ನೊಬೆಲ್ ಸ್ಮಾರಕ ಬಹುಮಾನ ಪಾಲ್ ಮಿಲ್‌ಗ್ರಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ ಸಂದದ್ದು ಇದೇ ವಿಷಯದ ಸಂಶೋಧನೆಗೆ. ಇವರೆಲ್ಲರ ವಿಚಾರಗಳಲ್ಲಿ ನಮ್ಮ ಸವಾಲುದಾರನಿಗೆ ಅತ್ಯುಪಯುಕ್ತವಾದದ್ದು ವಿಜೇತನ ಶಾಪವೆಂಬ ಕಲ್ಪನೆ. ಮೆಕ್ಸಿಕೋ ಖಾರಿಯ ತೈಲಕ್ಷೇತ್ರಗಳ ಹರಾಜನ್ನು ಪರಿಶೀಲಿಸಿದ ಕೇಪನ್, ಕ್ಲಾಪ್, ಕ್ಯಾಂಬೆಲ್ ಎಂಬ ಮೂವರು ಎಂಜಿನಿಯರರು 1971ರಲ್ಲಿ ಇದನ್ನು ವಿವರಿಸಿದರು. ಒಂದೇ ಸ್ವತ್ತಿನ ನಿಜವಾದ ಮೌಲ್ಯವನ್ನು ಹತ್ತು ಮಂದಿ ಅಂದಾಜು ಮಾಡಿದರೆ ಕೆಲವರ ಅಂದಾಜು ಕೆಳಗೂ ಕೆಲವರದು ಮೇಲೂ ಇರುತ್ತದೆ; ಗೆಲ್ಲುವವನು ಎಲ್ಲರಿಗಿಂತ ಮೇಲೆ ಅಂದಾಜು ಮಾಡಿದವನು, ಎಂದರೆ ಅತಿಯಾಗಿ ತಪ್ಪುವ ಸಂಭವ ಅತಿಯಾಗಿ ಉಳ್ಳವನು. ಸ್ಪರ್ಧಿಗಳು ಹೆಚ್ಚಿದಷ್ಟೂ ಬೆಲೆಯನ್ನು ಏರಿಸಬೇಕೆಂದು ಮನಸ್ಸು ಪ್ರೇರಿಸುತ್ತದೆ, ತರ್ಕವು ಇಳಿಸಬೇಕೆಂದು ಹೇಳುತ್ತದೆ. ಕ್ರಿ.ಶ. 193ರಲ್ಲಿ ಅಂಗರಕ್ಷಕ ಪಡೆಯವರು ಹರಾಜಿಗಿಟ್ಟ ರೋಮ್ ಸಾಮ್ರಾಜ್ಯವನ್ನೇ ಸವಾಲಿನಲ್ಲಿ ಕೊಂಡ ಡಿಡಿಯಸ್ ಜೂಲಿಯಾನಸನು ಮೂರು ತಿಂಗಳು ತುಂಬುವುದರೊಳಗೆ ಸಿಂಹಾಸನವನ್ನೂ ಪ್ರಾಣವನ್ನೂ ಕಳೆದುಕೊಂಡನು.

ಆದಕಾರಣ ಸವಾಲಿನ ಬೆಲೆಯನ್ನು ಕಾಯ್ದಿಟ್ಟ ಬೆಲೆಯಿಂದ ಮೇಲಕ್ಕೆ ಎಣಿಸುತ್ತ ಹೋಗದೆ, ಮಾರುಕಟ್ಟೆಯ ಬೆಲೆಯಿಂದ ಕೆಳಕ್ಕೆ ಕಳೆಯುತ್ತ ಬರತಕ್ಕದ್ದು. ನಗರದಲ್ಲಿ ಅದೇ ಬೀದಿಯ ಇತ್ತೀಚಿನ ಕ್ರಯಗಳನ್ನು ವಿಚಾರಿಸಿ, 1 ಕೋಟಿ ರೂಪಾಯಿ ಬೆಲೆಬಾಳುವುದೆಂದು ನಿಶ್ಚಯಿಸಿದ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. 45 ಲಕ್ಷಕ್ಕೆ ಮೇಲ್ಪಟ್ಟ ಸ್ವತ್ತಿಗೆ ಕರ್ನಾಟಕದ ನಗರಗಳಲ್ಲಿ ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರಿ ಶೇಕಡಾ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2, ಇವೆರಡಕ್ಕೂ 5 ಲಕ್ಷಕ್ಕೆ ಮೇಲೆ. ಸ್ವಾಧೀನಕ್ಕೆ ಒಂದು ವರ್ಷ ಹಿಡಿಯುವುದೆಂದಿಟ್ಟುಕೊಂಡು, ಹೂಡಿದ ಹಣಕ್ಕೆ ಶೇಕಡಾ 10ರಂತೆ ಬಡ್ಡಿಯ ನಷ್ಟ ಸುಮಾರು 7 ಲಕ್ಷ. ದುರಸ್ತಿಗೆ 6 ಲಕ್ಷ, ವಕೀಲರಿಗೂ ನ್ಯಾಯಾಲಯಕ್ಕೂ 2 ಲಕ್ಷ, ಬಾಕಿಗಳಿಗೆ ಒಂದೂವರೆ ಲಕ್ಷ, ಅಪಾಯಕ್ಕೂ ಲಾಭಕ್ಕೂ ಸೇರಿ 10 ಲಕ್ಷ. ಇವನ್ನೆಲ್ಲ ಕಳೆದರೆ ಉಳಿಯುವುದು 68 ಲಕ್ಷದ ಆಸುಪಾಸು. ಕಾಯ್ದಿಟ್ಟ ಬೆಲೆ 60 ಲಕ್ಷವಾಗಿದ್ದರೆ 8 ಲಕ್ಷದಷ್ಟು ಏರುವುದಕ್ಕೆ ಎಡೆಯುಂಟು. 72 ಲಕ್ಷವಾಗಿದ್ದರೆ ಹರಾಜಿಗೆ ಹೋಗುವುದೇ ವ್ಯರ್ಥ. 68 ಲಕ್ಷಕ್ಕೆ ಗೆದ್ದರೆ 17 ಲಕ್ಷವು ಶೇಕಡಾ 25. ಠೇವಣಿಯ 6 ಲಕ್ಷವನ್ನು ಕಳೆದು 11 ಲಕ್ಷವನ್ನು ಮುಂದಿನ ಕೆಲಸದ ದಿನದೊಳಗೂ 51 ಲಕ್ಷವನ್ನು 15 ದಿನಗಳೊಳಗೂ ಕಟ್ಟಬೇಕು. ಬೆಲೆ 50 ಲಕ್ಷಕ್ಕೆ ಕಡಮೆಯಿಲ್ಲವಾದ್ದರಿಂದ ಅದರ ಶೇಕಡಾ 1ನ್ನು, ಎಂದರೆ 68,000 ರೂಪಾಯಿಗಳನ್ನು, ಆದಾಯ ತೆರಿಗೆಯಾಗಿ ಮುರಿದು ಸರ್ಕಾರಕ್ಕೆ ಸಲ್ಲಿಸುವುದೂ ಕೊಂಡವನ ಕರ್ತವ್ಯ.

ಸವಾಲಿನ ದಿನ

ಹಿಂದೆ ಬ್ಯಾಂಕಿನ ಅಂಗಳದಲ್ಲಿಯೋ ನ್ಯಾಯಾಲಯದ ಜಗುಲಿಯಲ್ಲಿಯೋ ಮುಖಾಮುಖಿಯಾಗಿ ನಡೆಯುತ್ತಿದ್ದ ಕೂಗು ಇಂದು ಬಹುಮಟ್ಟಿಗೆ ಗಣಕಯಂತ್ರದ ಪರದೆಯ ಮೇಲೆ ನಡೆಯುತ್ತದೆ. ಇ-ಹರಾಜಿನಿಂದ ಆದ ದೊಡ್ಡ ಉಪಕಾರವೆಂದರೆ, ಸ್ಥಳೀಯರು ಒಳಒಪ್ಪಂದ ಮಾಡಿಕೊಂಡು ಹೊರಗಿನವರನ್ನು ಬೆದರಿಸಿ ಅಗ್ಗದ ಬೆಲೆಗೆ ಸ್ವತ್ತನ್ನು ಹೊಡೆದುಕೊಳ್ಳುತ್ತಿದ್ದ ಕೂಟಗಳ ಬಲ ಕುಗ್ಗಿದ್ದು. ಇದರಿಂದ ಸಾಲಗಾರನಿಗೂ ನ್ಯಾಯವಾದ ಬೆಲೆ ದೊರೆಯುವಂತಾಯಿತು. ಆದರೆ ಹೊಸ ಪದ್ಧತಿಗೆ ಹೊಸ ಅಪಾಯವೂ ಉಂಟು. ಮುಕ್ತಾಯದ ಹೊತ್ತಿಗೆ ಯಾರಾದರೂ ಸವಾಲನ್ನು ಏರಿಸಿದರೆ ವೇಳೆ ತಾನಾಗಿಯೇ ಕೆಲವು ನಿಮಿಷ ಮುಂದಕ್ಕೆ ಹೋಗುವ ಏರ್ಪಾಟು ಸಾಮಾನ್ಯವಾಗಿರುತ್ತದೆ. ಹೀಗೆ ಮುಗಿಯದೆ ಮುಂದುವರಿಯುವ ಆ ಕೊನೆಯ ನಿಮಿಷಗಳಲ್ಲಿ, ಮುಖಕಾಣದ ಎದುರಾಳಿಯ ಮೇಲಿನ ಛಲ ಲೆಕ್ಕವನ್ನು ಮರೆಸುತ್ತದೆ. ಗರಿಷ್ಠ ಬೆಲೆಯನ್ನು ಮನೆಯಲ್ಲಿಯೇ ಕಾಗದದ ಮೇಲೆ ಬರೆದು, ಮನೆಯವರೊಬ್ಬರ ಕೈಗೆ ಕೊಟ್ಟು, ಅದು ಬಂದಾಗ ಕೈಯನ್ನು ಹಿಂದೆಗೆಯುವುದೇ ಅನುಭವಿಗಳ ರೂಢಿ. ಮುಚ್ಚಿದ ಲಕೋಟೆಯ ಟೆಂಡರಿನಲ್ಲಾದರೆ ಎದುರಾಳಿಯ ಬೆಲೆ ತಿಳಿಯದು. ಕೂಗಿದ ಪೂರ್ತಿ ಬೆಲೆಯನ್ನೇ ಕೊಡಬೇಕಾದ್ದರಿಂದ ಅಲ್ಲಿ ತನ್ನ ಅಂದಾಜಿಗಿಂತ ಕೆಳಗೆ ನಿಲ್ಲುವುದು ವಿವೇಕ.

ಮಾರಾಟದ ಪ್ರಮಾಣಪತ್ರ

ಹಣ ಪೂರ್ತಿ ಸಂದ ಮೇಲೆ ಬ್ಯಾಂಕಿನ ಅಧಿಕೃತ ಅಧಿಕಾರಿಯು ಮಾರಾಟದ ಪ್ರಮಾಣಪತ್ರವನ್ನು ಕೊಡುತ್ತಾನೆ. ಇದಕ್ಕೆ ಕಡ್ಡಾಯ ನೋಂದಣಿಯ ಅಗತ್ಯವಿಲ್ಲ, ಪ್ರತಿಯನ್ನು ನೋಂದಣಾಧಿಕಾರಿಗೆ ಕಳುಹಿಸಿ ಅಲ್ಲಿನ ಪುಸ್ತಕದಲ್ಲಿ ಸೇರಿಸಿದರೆ ಸಾಕೆಂದು 2021ರಲ್ಲಿ ಎಸ್ಜೆಪೀ ಇಂಪೆಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಮುಂದೆ ಮಾರುವಾಗ, ಸಾಲ ಪಡೆಯುವಾಗ, ಇ-ಖಾತೆ ಮಾಡಿಸುವಾಗ ನೋಂದಣಿಯಾದ ಪತ್ರವನ್ನೇ ಕೇಳುವುದು ಲೋಕರೂಢಿಯಾದ್ದರಿಂದ, ಶುಲ್ಕವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ನೋಂದಾಯಿಸಿಕೊಳ್ಳುವುದು ಮೇಲು. ಪ್ರಮಾಣಪತ್ರದ ಷೆಡ್ಯೂಲು ಮೂಲಪತ್ರದ ಷೆಡ್ಯೂಲಿಗೆ ಅಕ್ಷರಶಃ ಹೊಂದುತ್ತದೆಯೇ ಎಂಬುದನ್ನು ಸಹಿಗೆ ಮುಂಚೆಯೇ ಓದಿನೋಡತಕ್ಕದ್ದು. ಒಂದು ಅಂಕಿಯ ತಪ್ಪನ್ನು ತಿದ್ದಿಸುವುದಕ್ಕೆ ಆಮೇಲೆ ಒಂದು ವರ್ಷ ಅಲೆಯಬೇಕಾದೀತು.

ಉಪಸಂಹಾರ

ಹರಾಜಿಗೆ ಬಂದ ಪ್ರತಿಯೊಂದು ಮನೆಯ ಹಿಂದೆಯೂ ಕೈಸೋತ ಒಂದು ಕುಟುಂಬವಿರುತ್ತದೆ. ಕಾನೂನುಬದ್ಧವಾಗಿ ಕೊಳ್ಳುವುದರಲ್ಲಿ ಅಧರ್ಮವಿಲ್ಲ. ಬೆಲೆ ನ್ಯಾಯವಾಗಿ ಏರಿದಷ್ಟೂ ಆ ಕುಟುಂಬದ ಸಾಲ ತೀರುತ್ತದೆ, ಮಿಕ್ಕ ಹಣ ಅದರ ಕೈಸೇರುತ್ತದೆ. ಆದರೆ ಒಳಗಿರುವವರನ್ನು ಗೂಂಡಾಗಳಿಂದ ಹೆದರಿಸಿ ಹೊರಡಿಸುವುದು ಅಪರಾಧವೂ ಹೌದು, ಹೇಯವೂ ಹೌದು. ಸಾಮಾನು ಸಾಗಿಸಲು ನಾಲ್ಕು ದಿನದ ಅವಕಾಶವನ್ನೂ ಲಾರಿಯ ಬಾಡಿಗೆಯನ್ನೂ ಕೊಟ್ಟು ಸಮಾಧಾನದಿಂದ ಬೀಗದ ಕೈ ಪಡೆದವನು ಮೊಕದ್ದಮೆಯ ಖರ್ಚನ್ನೂ ಉಳಿಸಿಕೊಳ್ಳುತ್ತಾನೆ, ಮನೆಯೊಳಗೆ ನೆಮ್ಮದಿಯಿಂದಲೂ ಕಾಲಿಡುತ್ತಾನೆ.

ಪ್ರಕಟಣೆಗೂ ಮೊದಲ ಹರಾಜಿಗೂ ನಡುವೆ ಕಾಯಿದೆಯು 30 ದಿನಗಳನ್ನು ಇಟ್ಟಿರುವುದು ಸಾಲಗಾರನ ಹಿತಕ್ಕೆಂದೇ ಇರಬಹುದು. ಆದರೆ ಕೊಳ್ಳುವಾತನಿಗೂ ದೊರೆಯುವ ಸಮಯ ಅದೊಂದೇ. ಓದುಗರು ಆ ಮೂವತ್ತು ದಿನಗಳನ್ನು ಉಪ ನೋಂದಣಾಧಿಕಾರಿಯ ಕಚೇರಿಯಲ್ಲಿ, ನ್ಯಾಯಾಲಯದ ದಫ್ತರಿನಲ್ಲಿ, ವಿದ್ಯುತ್ ಕಚೇರಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಆ ಸ್ವತ್ತಿನ ನಾಲ್ಕು ಎಲ್ಲೆಗಳ ಬಳಿ ಕಳೆಯಲಿ. ಅಲ್ಲಿ ಒಂದೇ ಒಂದು ಪ್ರಶ್ನೆಗೆ ಉತ್ತರ ದೊರೆಯದೆ ಉಳಿದರೂ ಠೇವಣಿಯನ್ನು ಕಟ್ಟದೆ ಹಿಂದಿರುಗಲಿ.